ತಡವರಿಸುವ ಎಂಜಿನು: ಒಂದು ನಿದಾನ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮೋಟಾರು ಗಾಡಿಯ ರಿಪೇರಿಯನ್ನು ಕುರಿತ ಲೇಖನವೆ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ಕಾವ್ಯ, ಚರಿತ್ರೆ, ತರ್ಕಗಳಿಗೆ ಮೀಸಲಾದ ಪುಟಗಳಲ್ಲಿ ಗ್ರೀಸಿನ ವಾಸನೆ ಏಕೆ ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ಕಾರ್ಯವನ್ನು ಕಂಡು ಕಾರಣವನ್ನು ನಿರ್ಣಯಿಸುವುದು ಹೇಗೆ ಎಂಬ ಪಾಠ ನನಗೆ ತರಗತಿಯ ಹೊಗೆ-ಬೆಂಕಿಗಳ ದೃಷ್ಟಾಂತದಿಂದ ಅರ್ಧ ಮಾತ್ರ ತಿಳಿದಿತ್ತು. ಉಳಿದರ್ಧ ತಿಳಿದದ್ದು ಸೋದರಮಾವನ ಹಳೆಯ ಕಾರಿನ ಬೆನ್ನ ಹಿಂದೆ ನಿಂತಾಗ. ಆ ಪಾಠವನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ. ಯಂತ್ರದ ಪರಿಚಯವಿಲ್ಲದವರಿಗೂ ತಿಳಿಯುವಂತೆ ಬರೆಯಲು ಯತ್ನಿಸಿದ್ದೇನೆ.

ಗಾಡಿಯ ಪರಿಚಯ

ಮಾವನ ಗಾಡಿ 'ಬೀಟ್ಲ್' ಎಂದು ಲೋಕಪ್ರಸಿದ್ಧವಾದ ಜರ್ಮನಿಯ ಫೋಕ್ಸ್‌ವಾಗನ್. ಅದರ ದುಂಡು ಬೆನ್ನನ್ನು ನೋಡಿದವರಿಗೆ ಜೀರುಂಡೆಯ ನೆನಪಾಗದಿರದು. ಹೆಸರು ಬಂದದ್ದೂ ಹಾಗೆಯೆ. ಫರ್ಡಿನೆಂಡ್ ಪೋರ್ಶೆ ಎಂಬ ಎಂಜಿನಿಯರು 1930ರ ದಶಕದಲ್ಲಿ ಇದನ್ನು ರೂಪಿಸಿದನು. 1938ರಲ್ಲಿ ಕಾರ್ಖಾನೆಗೆ ಅಡಿಗಲ್ಲು ಬಿದ್ದರೂ ಜನಸಾಮಾನ್ಯರ ಕೈಗೆ ಗಾಡಿ ಸಿಕ್ಕಿದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ. 1972ರ ಫೆಬ್ರವರಿ 17ರಂದು 1,50,07,034ನೆಯ ಗಾಡಿ ಹೊರಬಿದ್ದಾಗ, ಅದುವರೆಗೆ ಫೋರ್ಡ್ ಕಂಪನಿಯ 'ಮಾಡೆಲ್ ಟಿ' ಗಾಡಿಗಿದ್ದ ದಾಖಲೆ ಮುರಿಯಿತು. ಕಡೆಯ ಗಾಡಿ 2003ರ ಜುಲೈ 30ರಂದು ಮೆಕ್ಸಿಕೋ ದೇಶದ ಪ್ಯೂಬ್ಲಾ ನಗರದಲ್ಲಿ ತಯಾರಾಯಿತು. ಒಟ್ಟು ಸಂಖ್ಯೆ 2,15,29,464. ನಮ್ಮ ದೇಶದಲ್ಲಿ ಇದು ತಯಾರಾಗಲಿಲ್ಲ. ಹೊರಗಿನಿಂದ ಬಂದ ಕೆಲವು ಗಾಡಿಗಳು ಅಭಿಮಾನಿಗಳ ಮನೆಗಳಲ್ಲಿ ಇಂದಿಗೂ ಓಡುತ್ತಿವೆ. ಮಾವನದು 1972ರ ಗಾಡಿ, 1,584 ಘನ ಸೆಂಟಿಮೀಟರಿನ ಎಂಜಿನು.

ಎಂಜಿನು ಇರುವುದು ಹಿಂಬದಿಯಲ್ಲಿ. ನಾಲ್ಕು ಸಿಲಿಂಡರುಗಳು ಎದ್ದು ನಿಲ್ಲದೆ, ಬಲಕ್ಕೆ ಎರಡು ಎಡಕ್ಕೆ ಎರಡರಂತೆ ಮಲಗಿವೆ. ಬೇರೆ ಕಾರುಗಳಲ್ಲಿರುವಂತೆ ಇದರಲ್ಲಿ ನೀರಿಲ್ಲ, ರೇಡಿಯೇಟರ್ ಇಲ್ಲ. ಬೆಲ್ಟಿನಿಂದ ತಿರುಗುವ ಒಂದು ಫ್ಯಾನು ತಗಡಿನ ಹೊದಿಕೆಯೊಳಗೆ ಗಾಳಿಯನ್ನು ನೂಕುತ್ತದೆ. ಆ ಗಾಳಿ ಸಿಲಿಂಡರುಗಳ ಮೈಮೇಲಿನ ರೆಕ್ಕೆಗಳ ನಡುವೆ ಹಾದು ಶಾಖವನ್ನು ಒಯ್ಯುತ್ತದೆ. ನೀರಿಲ್ಲವಾದ್ದರಿಂದ ಚಳಿಯಲ್ಲಿ ಹೆಪ್ಪುಗಟ್ಟುವ ಭಯವಿಲ್ಲ, ಬೇಸಗೆಯಲ್ಲಿ ಕುದಿಯುವ ಭಯವಿಲ್ಲ. ಈ ಸರಳತೆಯೇ ಗಾಡಿಯ ಕೀರ್ತಿಗೆ ಕಾರಣ. ಆದರೆ ನಮ್ಮ ಪ್ರಕೃತ ರೋಗಕ್ಕೂ ಇದೇ ಒಂದು ಕಾರಣವೆಂಬುದು ಮುಂದೆ ತಿಳಿಯುತ್ತದೆ.

ಹೆದ್ದಾರಿಯ ನಡುವೆ ಒಂದು ಕ್ಷಣ

ಮಾವನ ತೋಟಕ್ಕೆ ಹೋಗಬೇಕಾದರೆ ಹೆದ್ದಾರಿಯನ್ನು ಅಡ್ಡಲಾಗಿ ದಾಟಬೇಕು. ಒಂದು ದಿನ ನಾನೂ ಜೊತೆಯಲ್ಲಿದ್ದೆ. ಮಾವ ಗಾಡಿ ನಿಲ್ಲಿಸಿ, ಎರಡೂ ಕಡೆ ನೋಡಿ, ದೂರದಲ್ಲಿ ಒಂದು ಲಾರಿ ಬರುತ್ತಿದ್ದರೂ ಅವಕಾಶ ಸಾಕೆಂದು ಅಂದಾಜು ಮಾಡಿ ಆಕ್ಸಿಲರೇಟರನ್ನು ಒತ್ತಿದರು. ಗಾಡಿ ಅರ್ಧ ರಸ್ತೆಗೆ ಬಂದಿತು. ಆಗ ಎಂಜಿನು ಉಸಿರು ಹಿಡಿದಂತಾಗಿ, ಒಮ್ಮೆ ಕೆಮ್ಮಿ, ಸುಮ್ಮನಾಯಿತು. ಎರಡು ಸೆಕೆಂಡಾದ ಮೇಲೆ ಏನೂ ಆಗಿಲ್ಲವೆಂಬಂತೆ ಎಚ್ಚೆತ್ತು ಓಡಿತು. ಗಂಟೆಗೆ 60 ಕಿಲೋಮೀಟರು ವೇಗದ ಲಾರಿ ಎರಡು ಸೆಕೆಂಡಿನಲ್ಲಿ 33 ಮೀಟರು ಬರುತ್ತದೆ. ಲಾರಿಯವನು ಬ್ರೇಕು ಹಾಕಿದ್ದರಿಂದ ನಾವು ಉಳಿದೆವು. ಆಚೆ ದಡ ಸೇರಿದ ಮೇಲೆ ಮಾವ ಬಹಳ ಹೊತ್ತು ಮಾತನಾಡಲಿಲ್ಲ.

ಆಕ್ಸಿಲರೇಟರನ್ನು ಒತ್ತಿದೊಡನೆ ಶಕ್ತಿ ಕೊಡಬೇಕಾದ ಎಂಜಿನು ಹೀಗೆ ಒಂದು ಕ್ಷಣ ಹಿಂದೆಗೆಯುವುದನ್ನು ನಾನು 'ತಡವರಿಕೆ' ಎಂದು ಕರೆಯುತ್ತೇನೆ. ಮಾತು ಬಾರದವನ ಮೌನ ಬೇರೆ, ಮಾತು ಬಂದೂ ತೊದಲುವವನ ತೊದಲು ಬೇರೆ. ಕೆಟ್ಟು ನಿಂತ ಎಂಜಿನನ್ನು ಯಾರೂ ರಸ್ತೆಗೆ ತರುವುದಿಲ್ಲ. ತಡವರಿಸುವ ಎಂಜಿನನ್ನು ನಂಬಿ ತರುತ್ತಾರೆ. ಆದುದರಿಂದಲೇ ಇದು ಹೆಚ್ಚು ಅಪಾಯ.

ಮಾವ ಗಾಡಿಯನ್ನು ಒಂದು ಗ್ಯಾರೇಜಿಗೆ ಒಯ್ದರು. ಅಲ್ಲಿ ನಾಲ್ಕು ಪ್ಲಗ್ಗುಗಳನ್ನು ಬದಲಾಯಿಸಿದರು. ಎರಡು ದಿನ ಸರಿಯಿದ್ದಂತೆ ತೋರಿ, ಮೂರನೆಯ ದಿನ ತಡವರಿಕೆ ಮರಳಿತು. ಇನ್ನೊಂದು ಗ್ಯಾರೇಜಿನಲ್ಲಿ ಕಾರ್ಬುರೇಟರನ್ನೇ ಬದಲಾಯಿಸಿ, ಪೆಟ್ರೋಲು ಹೆಚ್ಚಾಗಿ ಬರುವಂತೆ ತಿರುಪು ಸಡಿಲಿಸಿದರು. ಖರ್ಚು ಏರಿತು, ರೋಗ ಇಳಿಯಲಿಲ್ಲ. ಕೊನೆಗೆ ಯಾರೋ ಹೇಳಿದ್ದರ ಮೇಲೆ, ಕೆಲಸ ಬಿಟ್ಟು ಮನೆಯಲ್ಲಿದ್ದ ಒಬ್ಬ ಹಿರಿಯ ಮೇಸ್ತ್ರಿಯನ್ನು ಮಾವ ಕರೆತಂದರು. ಅವರು ಚೀಲವನ್ನು ನೆಲಕ್ಕಿಟ್ಟು, ಅದನ್ನು ಬಿಚ್ಚದೆ, ಮೆಟ್ಟಿಲ ಮೇಲೆ ಕುಳಿತು ಕೇಳಿದರು:

"ಯಾವಾಗ ಸ್ವಾಮೀ? ಬೆಳಿಗ್ಗೆ ಹೊರಡುವಾಗಲೊ, ಗಾಡಿ ಬಿಸಿಯಾದ ಮೇಲೊ?"

"ಎರಡೂ ಹೊತ್ತಿನಲ್ಲೂ ಉಂಟು ಮೇಸ್ತ್ರಿಗಳೆ," ಎಂದರು ಮಾವ.

"ಮೆಲ್ಲಗೆ ಒತ್ತಿದರೆ?"

"ಅಷ್ಟಾಗಿ ಇಲ್ಲ. ಥಟ್ಟನೆ ಒತ್ತಿದರೆ ಉಂಟು."

"ಮುಂದಿನಿಂದ ಕೆಮ್ಮುತ್ತದೊ, ಸೈಲೆನ್ಸರಿನಿಂದ ಸಿಡಿಯುತ್ತದೊ? ಹೊಗೆ ಯಾವ ಬಣ್ಣ?"

ಹೀಗೆ ಹತ್ತು ಪ್ರಶ್ನೆಗಳಾದ ಮೇಲೆ ಅವರು ಎದ್ದರು. ಯಾವ ಭಾಗ ಕೆಟ್ಟಿದೆ ಎಂದು ಮೊದಲಿನವರು ಕೇಳಿದ್ದರು. ಯಾವ ಹೊತ್ತಿನಲ್ಲಿ ಕೆಡುತ್ತದೆ ಎಂದು ಇವರು ಕೇಳಿದರು. ವ್ಯತ್ಯಾಸವೆಲ್ಲ ಇಲ್ಲಿಯೇ ಇದೆ.

ನಿದಾನದ ಐದು ಅಂಗಗಳು

ಆಯುರ್ವೇದದಲ್ಲಿ ರೋಗವನ್ನು ಗೊತ್ತುಮಾಡಲು ಐದು ಉಪಾಯಗಳನ್ನು ಹೇಳಿದೆ. ಇದಕ್ಕೆ ನಿದಾನಪಂಚಕವೆಂದು ಹೆಸರು. ರೋಗದ ಕಾರಣವೆ ನಿದಾನ. ರೋಗ ಬರುವ ಮುನ್ನ ತೋರುವ ಸುಳಿವು ಪೂರ್ವರೂಪ. ಬಂದ ಮೇಲೆ ಕಾಣುವ ಲಕ್ಷಣ ರೂಪ. ಯಾವುದನ್ನು ಕೊಟ್ಟರೆ ರೋಗಿಗೆ ಹಿತವಾಗುವುದೆಂದು ಪರೀಕ್ಷಿಸಿ ಆ ಹಿತದಿಂದಲೇ ರೋಗವನ್ನು ತಿಳಿಯುವುದು ಉಪಶಯ. ರೋಗ ಶರೀರದಲ್ಲಿ ಹುಟ್ಟಿ ಬೆಳೆಯುವ ಬಗೆ ಸಂಪ್ರಾಪ್ತಿ. ಮೇಸ್ತ್ರಿಗಳು ಈ ಹೆಸರುಗಳನ್ನು ಕೇಳಿದವರಲ್ಲ. ಆದರೆ ಅವರು ಮಾಡಿದ್ದೆಲ್ಲ ಈ ಐದರೊಳಗೆ ಅಡಗುತ್ತದೆಂದು ನನಗೆ ಆಮೇಲೆ ಹೊಳೆಯಿತು. ಶರೀರದ ಪರಿಚಯವಿಲ್ಲದೆ ರೋಗದ ಮಾತು ನಡೆಯದು. ಆದುದರಿಂದ ಕೊನೆಯದಾದ ಸಂಪ್ರಾಪ್ತಿಯನ್ನೇ ಇಲ್ಲಿ ಮೊದಲು ತೆಗೆದುಕೊಳ್ಳುತ್ತೇನೆ.

ಸಂಪ್ರಾಪ್ತಿ: ತಡವರಿಕೆ ಹುಟ್ಟುವ ಬಗೆ

ಪೆಟ್ರೋಲು ದ್ರವರೂಪದಲ್ಲಿ ಉರಿಯುವುದಿಲ್ಲ. ಆವಿಯಾಗಿ ಗಾಳಿಯೊಡನೆ ಬೆರೆತಾಗ ಉರಿಯುತ್ತದೆ. ಪೂರ್ಣವಾಗಿ ಉರಿಯಲು ತೂಕದಲ್ಲಿ 1 ಭಾಗ ಪೆಟ್ರೋಲಿಗೆ ಸುಮಾರು 14.7 ಭಾಗ ಗಾಳಿ ಬೇಕು. ಗಾಳಿ ಇದಕ್ಕಿಂತ ಹೆಚ್ಚಾದರೆ ಮಿಶ್ರಣ ತೆಳು, ಪೆಟ್ರೋಲು ಹೆಚ್ಚಾದರೆ ದಟ್ಟ. ಈ ಬೆರಕೆಯನ್ನು ಮಾಡುವುದು ಕಾರ್ಬುರೇಟರಿನ ಕೆಲಸ. ಅದರ ಗಂಟಲಿನಲ್ಲಿ ಒಂದು ತಟ್ಟೆಯಿದೆ. ನಾವು ಆಕ್ಸಿಲರೇಟರನ್ನು ಒತ್ತಿದಾಗ ತೆರೆಯುವುದು ಆ ತಟ್ಟೆ, ಅಂದರೆ ಥ್ರಾಟಲ್.

ತಟ್ಟೆ ಮುಚ್ಚಿದ್ದಾಗ ಪಿಸ್ಟನ್ನುಗಳು ಎಳೆಯುವ ಎಳೆತದಿಂದ ಒಳಗಿನ ಕೊಳವೆಯಲ್ಲಿ ನಿರ್ವಾತ ಹೆಚ್ಚಾಗಿರುತ್ತದೆ. ಒತ್ತಡ ಕಡಿಮೆಯಿದ್ದಲ್ಲಿ ಪೆಟ್ರೋಲು ಸುಲಭವಾಗಿ ಆವಿಯಾಗುತ್ತದೆ. ತಟ್ಟೆ ಥಟ್ಟನೆ ತೆರೆದರೆ ಗಾಳಿ ನುಗ್ಗುತ್ತದೆ, ನಿರ್ವಾತ ಕುಸಿಯುತ್ತದೆ. ಆಗ ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಹಗುರವಾದ ಗಾಳಿ ಓಡಿಬಿಡುತ್ತದೆ, ಭಾರವಾದ ಪೆಟ್ರೋಲಿನ ಹನಿಗಳು ಹಿಂದುಳಿಯುತ್ತವೆ. ಇದ್ದ ಆವಿಯಲ್ಲೂ ಸ್ವಲ್ಪ ಭಾಗ ಕೊಳವೆಯ ಗೋಡೆಗೆ ಮಂಜಿನಂತೆ ಹತ್ತಿಕೊಳ್ಳುತ್ತದೆ. ಫಲವೇನೆಂದರೆ, ಹೆಚ್ಚು ಶಕ್ತಿ ಬೇಕಾದ ಕ್ಷಣದಲ್ಲಿಯೇ ಮಿಶ್ರಣ ತೆಳುವಾಗುತ್ತದೆ. ಈ ಕೊರತೆಯನ್ನು ತುಂಬಲೆಂದೇ ಕಾರ್ಬುರೇಟರಿನ ಪಕ್ಕದಲ್ಲಿ ಒಂದು ಸಣ್ಣ ಪಂಪು ಇದೆ. ಆಕ್ಸಿಲರೇಟರನ್ನು ಒತ್ತಿದೊಡನೆ ಅದು ಒಂದೂವರೆ ಘನ ಸೆಂಟಿಮೀಟರಿನಷ್ಟು ಪೆಟ್ರೋಲನ್ನು ಗಂಟಲಿಗೆ ಚಿಮ್ಮುತ್ತದೆ. ಅಂದರೆ ತಡವರಿಸುವುದು ಎಂಜಿನಿಗೆ ಸಹಜ. ತಡವರಿಸದಂತೆ ನೋಡಿಕೊಳ್ಳುವ ಏರ್ಪಾಡುಗಳಲ್ಲಿ ಯಾವುದೋ ಒಂದು ಸೋತಾಗ ಆ ಸಹಜ ದೋಷ ಹೊರಬೀಳುತ್ತದೆ.

ಈಗ ಗಾಳಿಯಿಂದ ತಣಿಯುವ ಎಂಜಿನಿನ ವಿಶೇಷಕ್ಕೆ ಬರೋಣ. ಬೀಟ್ಲಿನಲ್ಲಿ ಕಾರ್ಬುರೇಟರು ನಡುವೆ ಇದೆ, ಸಿಲಿಂಡರುಗಳು ಎರಡು ಬದಿಗಳಲ್ಲಿವೆ. ಮಿಶ್ರಣ ಉದ್ದವಾದ ಕೊಳವೆಯಲ್ಲಿ ಎಡಕ್ಕೂ ಬಲಕ್ಕೂ ಪಯಣ ಮಾಡಬೇಕು, ಇದೇ ಮ್ಯಾನಿಫೋಲ್ಡು. ಪೆಟ್ರೋಲು ಆವಿಯಾಗುವಾಗ ಶಾಖವನ್ನು ಹೀರುವುದರಿಂದ ಕೊಳವೆ ತಣ್ಣಗಾಗುತ್ತದೆ, ಹನಿ ಗೋಡೆಗೆ ಹತ್ತುವುದು ಹೆಚ್ಚುತ್ತದೆ. ನೀರಿನ ಎಂಜಿನುಗಳಲ್ಲಿ ಬಿಸಿನೀರನ್ನು ಹಾಯಿಸಿ ಈ ಕೊಳವೆಯನ್ನು ಬೆಚ್ಚಗಿಡಬಹುದು. ಇಲ್ಲಿ ನೀರೇ ಇಲ್ಲ. ಆದುದರಿಂದ ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆಯ ಒಂದು ಪಾಲನ್ನು ಕಿರಿದಾದ ಕೊಳವೆಯಲ್ಲಿ ಮ್ಯಾನಿಫೋಲ್ಡಿನ ಕೆಳಗೆ ಹಾಯಿಸಿದ್ದಾರೆ. ಹೊಗೆಯ ಮಸಿ ವರ್ಷಗಟ್ಟಲೆ ಕಟ್ಟಿಕೊಂಡು ಈ ಕಿರುಗೊಳವೆ ಮುಚ್ಚಿಹೋಗುವುದುಂಟು. ಮುಚ್ಚಿದರೆ ಮ್ಯಾನಿಫೋಲ್ಡು ತಣ್ಣಗೆ ಕೊರೆಯುತ್ತದೆ. ತೇವದ ಹವೆಯಲ್ಲಿ ಅದರ ಮೇಲೆ ಹನಿಗಟ್ಟುತ್ತದೆ, ಚಳಿ ಪ್ರದೇಶಗಳಲ್ಲಿ ಕಾರ್ಬುರೇಟರಿನೊಳಗೆ ಮಂಜುಗಡ್ಡೆಯೂ ಕಟ್ಟುತ್ತದೆ.

ಫ್ಯಾನಿನ ಹೊದಿಕೆಯೊಳಗೆ ಥರ್ಮೋಸ್ಟಾಟಿಗೆ ಸೇರಿದ ಬಾಗಿಲುಗಳಿವೆ. ಎಂಜಿನು ತಣ್ಣಗಿದ್ದಾಗ ಅವು ಗಾಳಿಯನ್ನು ತಡೆದು, ಸುಮಾರು 65ರಿಂದ 70 ಡಿಗ್ರಿ ಶಾಖ ಬಂದ ಮೇಲೆ ಬಿಡುತ್ತವೆ. "ನಮ್ಮ ಸೆಕೆಯ ದೇಶಕ್ಕೆ ಇದೇಕೆ" ಎಂದು ಇವನ್ನು ಕಿತ್ತುಹಾಕುವವರುಂಟು. ಹಾಗೆ ಮಾಡಿದರೆ ಎಂಜಿನು ಬೆಚ್ಚಗಾಗಲು ಬಹಳ ಹೊತ್ತು ಹಿಡಿಯುತ್ತದೆ, ಅಷ್ಟು ಹೊತ್ತೂ ತಡವರಿಸುತ್ತದೆ.

ಪೆಟ್ರೋಲಿನ ಜೊತೆಗೆ ಕಿಡಿಯ ಮಾತೂ ಇದೆ. ಕಿಡಿ ಹತ್ತಿದ ಮೇಲೆ ಮಿಶ್ರಣ ಉರಿದು ಮುಗಿಯಲು ಸ್ವಲ್ಪ ಕಾಲ ಬೇಕು. ತೆಳು ಮಿಶ್ರಣಕ್ಕೆ ಇನ್ನೂ ಹೆಚ್ಚು ಕಾಲ ಬೇಕು. ಆದುದರಿಂದ ಅದಕ್ಕೆ ಕಿಡಿ ಬೇಗ ಬರಬೇಕು. ಡಿಸ್ಟ್ರಿಬ್ಯೂಟರಿಗೆ ಅಂಟಿಕೊಂಡ ನಿರ್ವಾತದ ಡಬ್ಬಿ ಈ ಕೆಲಸವನ್ನು ಮಾಡುತ್ತದೆ: ಥ್ರಾಟಲ್ ಸ್ವಲ್ಪ ತೆರೆದೊಡನೆ ಕಾರ್ಬುರೇಟರಿನಿಂದ ಬರುವ ನಿರ್ವಾತ ಡಬ್ಬಿಯ ಪೊರೆಯನ್ನು ಎಳೆದು ಕಿಡಿಯನ್ನು ಮುಂದಕ್ಕೆ ತರುತ್ತದೆ. ಹಳೆಯದು ಕೆಟ್ಟಾಗ ಅಗ್ಗದಲ್ಲಿ ಸಿಕ್ಕಿತೆಂದು ಈ ಡಬ್ಬಿಯಿಲ್ಲದ, ವೇಗ ಹೆಚ್ಚಿದ ಮೇಲೆ ಮಾತ್ರ ಕಿಡಿಯನ್ನು ಮುಂದೆ ತರುವ ಡಿಸ್ಟ್ರಿಬ್ಯೂಟರನ್ನು ಹಾಕುವುದು ಲೋಕದ ಎಲ್ಲ ಕಡೆಯೂ ಇದೆ. 1970ರ ದಶಕದ ಕಾರ್ಬುರೇಟರುಗಳು ಹೊಗೆಯ ಕಾನೂನುಗಳಿಗಾಗಿ ಮೊದಲೇ ತೆಳು ಮಿಶ್ರಣಕ್ಕೆ ಹೊಂದಿಸಿದವು. ಅವುಗಳ ಜೊತೆ ಇಂಥ ಡಿಸ್ಟ್ರಿಬ್ಯೂಟರು ಸೇರಿದರೆ ತಡವರಿಕೆ ಖಂಡಿತ.

ರೂಪ: ಯಾವಾಗ ಎಂಬ ಪ್ರಶ್ನೆ

ಮೇಲಣ ವಿವರಣೆಯನ್ನು ಮನಸ್ಸಿನಲ್ಲಿಟ್ಟರೆ ಮೇಸ್ತ್ರಿಗಳ ಪ್ರಶ್ನೆಗಳ ಅರ್ಥ ಆಗುತ್ತದೆ.

ತಣ್ಣಗಿರುವಾಗ ಮಾತ್ರ ತಡವರಿಸಿ, ಬಿಸಿಯಾದ ಮೇಲೆ ಸರಿಹೋದರೆ, ಶಾಖ ಒದಗಿಸುವ ಏರ್ಪಾಡುಗಳನ್ನು ನೋಡತಕ್ಕದ್ದು: ಚೋಕು, ಹೊಗೆಯ ಕಿರುಗೊಳವೆ, ಏರ್ ಕ್ಲೀನರಿಗೆ ಬೆಚ್ಚಗಿನ ಗಾಳಿ ತರುವ ಕೊಳವೆ, ಥರ್ಮೋಸ್ಟಾಟು.

ಬಿಸಿಯಾದ ಮೇಲೂ, ಥಟ್ಟನೆ ಒತ್ತಿದಾಗ ಮಾತ್ರ ತಡವರಿಸಿದರೆ, ಚಿಮ್ಮುವ ಪಂಪನ್ನು ನೋಡತಕ್ಕದ್ದು; ಎಲ್ಲಿಂದಲಾದರೂ ಕಳ್ಳಗಾಳಿ ನುಗ್ಗುತ್ತಿದೆಯೆ ಎಂದು ನೋಡತಕ್ಕದ್ದು.

ಮೆಲ್ಲಗೆ ಒತ್ತಿದಾಗಲೂ ತಡವರಿಸಿದರೆ, ನಿಂತಲ್ಲಿ ಓಡುವಾಗ ಪೆಟ್ರೋಲು ಕೊಡುವ ಐಡಲ್ ಜೆಟ್ಟಿನ ಮೇಲೆ ಸಂಶಯ. ಅದರ ರಂಧ್ರ ಅರ್ಧ ಮಿಲಿಮೀಟರಿಗಿಂತ ತುಸು ದೊಡ್ಡದು. ಒಂದು ಕಸದ ಕಣ ಸಾಕು. ಕಿಡಿಯ ಕಾಲವನ್ನೂ ಆಗ ನೋಡಬೇಕು.

ಹೊರಡುವಾಗ ಸರಿಯಿದ್ದು, ಏರು ಹತ್ತುವಾಗ ಅಥವಾ ಬಹುದೂರ ವೇಗವಾಗಿ ಓಡಿದ ಮೇಲೆ ಸೊರಗಿದರೆ ಪೆಟ್ರೋಲಿನ ಸರಬರಾಜೇ ಸಾಲದು. ಟ್ಯಾಂಕು, ಫಿಲ್ಟರು, ಪೆಟ್ರೋಲು ಪಂಪುಗಳ ಸರದಿ ಅದು.

ಸದ್ದೂ ಸಾಕ್ಷಿ ಹೇಳುತ್ತದೆ. ಕಿಡಿ ತಪ್ಪಿದಾಗ ಗಾಡಿ ಕತ್ತರಿಸಿದಂತೆ ಜಗ್ಗುತ್ತದೆ. ಮಿಶ್ರಣ ತೆಳುವಾದಾಗ ಮೆತ್ತಗೆ ಕುಸಿದು ಕಾರ್ಬುರೇಟರಿನ ಬಾಯಿಂದ ಕೆಮ್ಮುತ್ತದೆ. ದಟ್ಟವಾದಾಗ ಸೈಲೆನ್ಸರಿನಿಂದ ಕಪ್ಪು ಹೊಗೆ ಬರುತ್ತದೆ.

ಪೂರ್ವರೂಪ: ಮುನ್ಸೂಚನೆ

ಈ ರೋಗ ಒಂದೇ ದಿನದಲ್ಲಿ ಬರುವುದಿಲ್ಲ. ನಿಂತಲ್ಲಿ ಎಂಜಿನು ಏರಿಳಿಯುತ್ತ ಓಡುವುದು, ಅದನ್ನು ನಿಲ್ಲದಂತೆ ಇಡಲು ಐಡಲ್ ತಿರುಪನ್ನು ಆಗಾಗ ತಿರುಗಿಸಬೇಕಾಗುವುದು, ಇಳಿಜಾರಿನಲ್ಲಿ ಕಾಲೆತ್ತಿದಾಗ ಸೈಲೆನ್ಸರಿನಲ್ಲಿ ಪಟಪಟ ಸಿಡಿಯುವುದು, ಬಿಚ್ಚಿದ ಪ್ಲಗ್ಗು ಕಂದಾಗಿರದೆ ಬೂದಿಬಿಳಿಯಾಗಿರುವುದು: ಇವೆಲ್ಲ ತೆಳು ಮಿಶ್ರಣದ ಮುನ್ಸೂಚನೆಗಳು. ಇವನ್ನು ಉದಾಸೀನ ಮಾಡಬಾರದು. ತೆಳು ಮಿಶ್ರಣದ ಎಂಜಿನು ಬಿಸಿಯಾಗಿ ಓಡುತ್ತದೆ. ಗಾಳಿಯನ್ನೇ ನಂಬಿದ ಎಂಜಿನಿನಲ್ಲಿ ಆ ಹೆಚ್ಚಿನ ಶಾಖವನ್ನು ತಡೆದುಕೊಳ್ಳಲು ನೀರಿನ ಆಸರೆಯಿಲ್ಲ. ವಾಲ್ವುಗಳು ಸುಟ್ಟುಹೋಗುತ್ತವೆ.

ಮಾವ ನೆನಪು ಮಾಡಿಕೊಂಡು, "ಎರಡು ತಿಂಗಳಿಂದ ಐಡಲ್ ತಿರುಪನ್ನು ನಾನೇ ತಿರುಗಿಸುತ್ತಿದ್ದೆನಲ್ಲ!" ಎಂದರು. ಮೇಸ್ತ್ರಿಗಳು ತಲೆದೂಗಿದರು.

ನಿದಾನ: ಕಾರಣಗಳನ್ನು ಹುಡುಕುವ ಕ್ರಮ

ಚೀಲ ಬಿಚ್ಚಿದ ಮೇಲೆ ಮೇಸ್ತ್ರಿಗಳು ಕಾರ್ಬುರೇಟರಿನ ಗೋಜಿಗೆ ಹೋಗಲಿಲ್ಲ. ಮೊದಲು ಪೆಟ್ರೋಲಿನ ರಬ್ಬರ್ ಕೊಳವೆಯ ಉದ್ದಕ್ಕೂ ಬೆರಳಾಡಿಸಿದರು. ಕಾರ್ಬುರೇಟರಿಗೆ ಸೇರುವ ಕಡೆಯಲ್ಲಿ ಬೆರಳು ಒದ್ದೆಯಾಯಿತು. ರಬ್ಬರು ಬಿರಿದು ಪೆಟ್ರೋಲು ಜಿನುಗುತ್ತಿತ್ತು. ಅದರ ಹತ್ತಿರದಲ್ಲೇ ಕಿಡಿ ಹಂಚುವ ಡಿಸ್ಟ್ರಿಬ್ಯೂಟರು. ಈ ಎಂಜಿನಿನ ಮೈಯನ್ನು ಮೆಗ್ನೀಸಿಯಂ ಬೆರೆತ ಲೋಹದಿಂದ ಎರಕ ಹೊಯ್ದಿದ್ದಾರೆ. ಅದಕ್ಕೆ ಬೆಂಕಿ ಹತ್ತಿತೆಂದರೆ ಆರಿಸುವುದು ಬಹಳ ಕಷ್ಟ. "ಇದನ್ನು ಬದಲಾಯಿಸದೆ ನಾನು ಗಾಡಿ ಸ್ಟಾರ್ಟು ಮಾಡುವುದಿಲ್ಲ ಸ್ವಾಮೀ," ಎಂದರು. ಹೊಸ ಕೊಳವೆ ಬಂದ ಮೇಲೆಯೇ ಕೆಲಸ ಮುಂದುವರಿಯಿತು. ಎರಡು ಗ್ಯಾರೇಜುಗಳಲ್ಲಿ ಇದನ್ನು ಯಾರೂ ನೋಡಿರಲಿಲ್ಲ. ಏಕೆಂದರೆ ಅವರು ಹುಡುಕುತ್ತಿದ್ದುದು ತಡವರಿಕೆಯನ್ನು ಮಾತ್ರ.

ಬಳಿಕ ಅವರು ಅನುಸರಿಸಿದ ಕ್ರಮ ಇದು: ಮೊದಲು ವಾಲ್ವು, ಆಮೇಲೆ ಪಾಯಿಂಟು, ಆಮೇಲೆ ಟೈಮಿಂಗು, ಎಲ್ಲಕ್ಕಿಂತ ಕೊನೆಗೆ ಕಾರ್ಬುರೇಟರು. ಎಂಜಿನು ಪೂರ್ಣವಾಗಿ ತಣಿದಿರುವಾಗ ವಾಲ್ವಿನ ಸಂದು 0.15 ಮಿಲಿಮೀಟರು ಇರಬೇಕು. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳ ಸಂದು 0.4 ಮಿಲಿಮೀಟರು, ಪ್ಲಗ್ಗಿನ ಸಂದು 0.6ರಿಂದ 0.7 ಮಿಲಿಮೀಟರು. ಕಿಡಿ ಹಾರುವ ಸರದಿ 1, 4, 3, 2. ತಂತಿಗಳನ್ನು ಈ ಸರದಿಯಲ್ಲಿ ಜೋಡಿಸಿದೆಯೆ ಎಂದು ನೋಡಬೇಕು.

ಈ ಕ್ರಮ ಕೇವಲ ರೂಢಿಯಲ್ಲ. ಪಾಯಿಂಟಿನ ಸಂದನ್ನು ಬದಲಾಯಿಸಿದರೆ ಕಿಡಿಯ ಕಾಲವೂ ಬದಲಾಗುತ್ತದೆ; ಸಂದು ಹೆಚ್ಚಿದರೆ ಕಿಡಿ ಬೇಗ, ಕಡಿಮೆಯಾದರೆ ತಡ. ಆದುದರಿಂದ ಟೈಮಿಂಗನ್ನು ಮೊದಲು ಹೊಂದಿಸಿ ಪಾಯಿಂಟನ್ನು ಆಮೇಲೆ ಮುಟ್ಟಿದರೆ ಮಾಡಿದ ಕೆಲಸ ವ್ಯರ್ಥ. ವಾಲ್ವು ಸರಿಯಾಗಿ ಮುಚ್ಚದಿದ್ದರೆ, ಕಿಡಿ ಹೊತ್ತು ತಪ್ಪಿದರೆ, ಎಂಥ ಕಾರ್ಬುರೇಟರೂ ಸರಿಯಾಗಿ ಕೂರುವುದಿಲ್ಲ. ಒಂದು ದೋಷವನ್ನು ಇನ್ನೊಂದು ದೋಷದಿಂದ ಮುಚ್ಚಿದಂತಾಗುತ್ತದೆ, ಅಷ್ಟೆ. ಎರಡನೆಯ ಗ್ಯಾರೇಜಿನಲ್ಲಿ ಆದದ್ದು ಇದೇ: ತೆಳು ಮಿಶ್ರಣದ ಮೂಲವನ್ನು ಹುಡುಕದೆ ಪೆಟ್ರೋಲನ್ನು ಹೆಚ್ಚಿಸಿದ್ದರು.

ಉಪಶಯ: ಹಿತದಿಂದ ರೋಗವನ್ನು ತಿಳಿಯುವುದು

ವಾಲ್ವು, ಪಾಯಿಂಟು, ಟೈಮಿಂಗುಗಳೆಲ್ಲ ಸರಿಯಾದ ಮೇಲೂ ತಡವರಿಕೆ ಉಳಿದಿತ್ತು. ನನಗೆ ಅತ್ಯಂತ ಮೆಚ್ಚಿಕೆಯಾದ ಭಾಗ ಇಲ್ಲಿಂದ ಆರಂಭ.

ಮೊದಲನೆಯ ಪರೀಕ್ಷೆ: ಏರ್ ಕ್ಲೀನರನ್ನು ತೆಗೆದು, ಬಿಸಿಯಾದ ಎಂಜಿನು ಓಡುತ್ತಿರುವಾಗ, ಚೋಕಿನ ತಟ್ಟೆಯನ್ನು ಸ್ಕ್ರೂಡ್ರೈವರಿನ ತುದಿಯಿಂದ ತುಸು ಮುಚ್ಚಿ ಹಿಡಿದು ಥ್ರಾಟಲನ್ನು ಥಟ್ಟನೆ ತೆರೆದರು. (ಎಂಜಿನು ಕೆಮ್ಮಿದರೆ ಬೆಂಕಿ ಉಗುಳಬಹುದಾದ್ದರಿಂದ ಮುಖವನ್ನೂ ಅಂಗೈಯನ್ನೂ ಅದರ ಮೇಲೆ ತರಕೂಡದು.) ತಡವರಿಕೆ ಮಾಯವಾಯಿತು! ಗಾಳಿ ಕಡಿಮೆಯಾದಾಗ ಎಂಜಿನಿಗೆ ಹಿತವಾಯಿತು. ಆದುದರಿಂದ ಅದರ ರೋಗ ಗಾಳಿಯ ಹೆಚ್ಚಳ, ಅಂದರೆ ತೆಳು ಮಿಶ್ರಣ. ತಡವರಿಕೆ ಹೆಚ್ಚಾಗಿದ್ದರೆ ರೋಗ ಇದಕ್ಕೆ ವಿರುದ್ಧವಾದುದೆಂದು ತಿಳಿಯಬೇಕಾಗಿತ್ತು.

ಎರಡನೆಯದು: ಎಂಜಿನನ್ನು ನಿಲ್ಲಿಸಿ, ಕಾರ್ಬುರೇಟರಿನ ಗಂಟಲಿಗೆ ಟಾರ್ಚು ಬಿಟ್ಟು ಥ್ರಾಟಲನ್ನು ಒತ್ತಿದರು. ಪೆಟ್ರೋಲು ತಡವಿಲ್ಲದೆ ಗಟ್ಟಿ ಧಾರೆಯಾಗಿ ಚಿಮ್ಮಿತು. ಪಂಪು ನಿರ್ದೋಷಿ.

ಮೂರನೆಯದು: ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ನಿರ್ವಾತದ ಕೊಳವೆಯನ್ನು ಬಾಯಿಂದ ಹೀರಿ ನಾಲಗೆಯಿಂದ ಮುಚ್ಚಿ ಹಿಡಿದರು. ಒಳಗಿನ ತಟ್ಟೆ ಸರಿದು ಅಲ್ಲಿಯೇ ನಿಂತಿತು. ಡಬ್ಬಿಯ ಪೊರೆ ಹರಿದಿಲ್ಲ.

ನಾಲ್ಕನೆಯದು: ಎಂಜಿನು ಐದಾರು ನಿಮಿಷ ಓಡಿದ ಮೇಲೆ ಹೊಗೆಯ ಕಿರುಗೊಳವೆಯ ಎರಡು ತುದಿಗಳ ಹತ್ತಿರ ಕೈ ಹಿಡಿದರು. ಎರಡೂ ಕಡೆ ಶಾಖ ಬಡಿಯಿತು. ಮಸಿ ಕಟ್ಟಿಲ್ಲ.

ಉಳಿದದ್ದು ಕಳ್ಳಗಾಳಿ. ಕಾರ್ಬುರೇಟರಿನ ಮೂಲಕ ಬಾರದೆ, ಮ್ಯಾನಿಫೋಲ್ಡಿನ ಸಂದುಗಳಿಂದ ಒಳನುಗ್ಗುವ ಗಾಳಿಗೆ ಪೆಟ್ರೋಲಿನ ಪಾಲು ಸಿಕ್ಕಿರುವುದಿಲ್ಲ. ಈ ಕಾಲದ ಬೀಟ್ಲಿನಲ್ಲಿ ಮ್ಯಾನಿಫೋಲ್ಡು ಮೂರು ತುಂಡು. ನಡುವಿನ ತುಂಡನ್ನು ಎರಡು ಬದಿಯ ತುಂಡುಗಳಿಗೆ ಸೇರಿಸುವುದು ರಬ್ಬರಿನ ಬೂಟುಗಳು. ಕೆಲವರು ಇಂಥ ಕಡೆ ಪೆಟ್ರೋಲನ್ನು ಚಿಮುಕಿಸಿ ನೋಡುತ್ತಾರೆ. ಬಿಸಿ ಎಂಜಿನಿನ ಮೇಲೆ ಅದು ಆತ್ಮಹತ್ಯೆಗೆ ಸಮಾನ. ಮೇಸ್ತ್ರಿಗಳು ಎಂಜಿನನ್ನು ಆರಲು ಬಿಟ್ಟು, ಮತ್ತೆ ಸ್ಟಾರ್ಟು ಮಾಡಿ, ಡಿಸ್ಟ್ರಿಬ್ಯೂಟರಿಗೂ ತಂತಿಗಳಿಗೂ ತಾಗದಂತೆ ಬೂಟುಗಳ ಮೇಲೆ ನೀರನ್ನು ಸಣ್ಣಗೆ ಚಿಮುಕಿಸಿದರು. ಎಡಗಡೆ ಏನೂ ಆಗಲಿಲ್ಲ. ಬಲಗಡೆಯ ಬೂಟಿಗೆ ನೀರು ಬಿದ್ದೊಡನೆ ಎಂಜಿನಿನ ಸದ್ದು ಬದಲಾಯಿತು; ಒಣಗಿದೊಡನೆ ಮೊದಲಿನಂತಾಯಿತು. ಮತ್ತೆ ಚಿಮುಕಿಸಿದರು, ಮತ್ತೆ ಬದಲಾಯಿತು.

ತರ್ಕಶಾಸ್ತ್ರದಲ್ಲಿ ಇದಕ್ಕೆ ಅನ್ವಯ-ವ್ಯತಿರೇಕವೆಂದು ಹೆಸರು: ಅದಿದ್ದರೆ ಇದಿದೆ, ಅದಿಲ್ಲದಿದ್ದರೆ ಇದಿಲ್ಲ. ಒಮ್ಮೆಗೆ ಒಂದನ್ನೇ ಬದಲಾಯಿಸಿದ್ದರಿಂದ ಈ ನಿರ್ಣಯ ಸಾಧ್ಯವಾಯಿತು. ಪ್ಲಗ್ಗನ್ನೂ ಜೆಟ್ಟನ್ನೂ ಬೂಟನ್ನೂ ಒಟ್ಟಿಗೆ ಬದಲಾಯಿಸಿದ್ದರೆ ಗಾಡಿ ಸರಿಹೋಗುತ್ತಿತ್ತೇನೋ. ಯಾವುದರಿಂದ ಸರಿಹೋಯಿತೆಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ತಿಳಿಯದೆ ವಾಸಿಯಾದ ರೋಗ ಮರಳಿದಾಗ ಮೊದಲಿನಿಂದ ಹುಡುಕಬೇಕಾಗುತ್ತದೆ.

ಬೂಟನ್ನು ಬಿಚ್ಚಿ ನೋಡಿದಾಗ ಕೆಳಮಗ್ಗುಲಲ್ಲಿ, ಕಣ್ಣಿಗೆ ಕಾಣದ ಕಡೆ, ಉಗುರಿನಷ್ಟು ಉದ್ದದ ಬಿರುಕು. ಎರಡೂ ಬೂಟುಗಳನ್ನು ಹೊಸದು ಹಾಕಿ, ಸಡಿಲಿಸಿದ್ದ ತಿರುಪನ್ನು ಮೊದಲಿನ ಅಳತೆಗೆ ತಂದರು. ಗಾಡಿ ಒತ್ತಿದೊಡನೆ ಜಿಗಿಯಿತು.

ಇಂದಿನ ಪೆಟ್ರೋಲು

ಇಂದಿನ ಕಾಲಕ್ಕೆ ಸಂಬಂಧಿಸಿದ ಒಂದು ಮಾತನ್ನು ಹೇಳದಿದ್ದರೆ ಲೇಖನ ಅಪೂರ್ಣವಾಗುತ್ತದೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ದೊರೆಯಿತು. 2025ರಲ್ಲಿ ದೇಶದ ಪೆಟ್ರೋಲಿನಲ್ಲಿ ಬೆರಕೆ ಆ ಮಟ್ಟವನ್ನು ಮುಟ್ಟಿತು. ಹೊಸ ಗಾಡಿಗಳನ್ನು ಇದಕ್ಕೆ ತಕ್ಕಂತೆ ಮಾಡುತ್ತಾರೆ. ಐವತ್ತು ವರ್ಷದ ಗಾಡಿಗೆ ಇದು ಹೊಸ ಪಥ್ಯ. ಎಥನಾಲ್ ಪೂರ್ಣವಾಗಿ ಉರಿಯಲು 1 ಭಾಗಕ್ಕೆ ಸುಮಾರು 9 ಭಾಗ ಗಾಳಿ ಸಾಕು. ಬೆರಕೆಯ ಪೆಟ್ರೋಲಿಗೆ ಸುಮಾರು 13.5 ಭಾಗ. ಆದರೆ ಹಳೆಯ ಕಾರ್ಬುರೇಟರಿನ ರಂಧ್ರಗಳನ್ನು ಕೊರೆದದ್ದು 14.7ರ ಲೆಕ್ಕಕ್ಕೆ. ಅಷ್ಟರಮಟ್ಟಿಗೆ ಮಿಶ್ರಣ ತಾನಾಗಿ ತೆಳುವಾಗುತ್ತದೆ. ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಮಿಗಿಲಾದ ಶಾಖ ಬೇಕು. ಮ್ಯಾನಿಫೋಲ್ಡು ಇನ್ನಷ್ಟು ತಣ್ಣಗಾಗುತ್ತದೆ. ಅದು ನೀರನ್ನು ಹೀರುತ್ತದೆ. ಹಳೆಯ ಜಾತಿಯ ರಬ್ಬರನ್ನು ಊದಿಸಿ ಬಿರಿಸುತ್ತದೆ. ಆದಕಾರಣ ಹಳೆಯ ಗಾಡಿಯ ಒಡೆಯರು ಪೆಟ್ರೋಲಿನ ಕೊಳವೆಗಳನ್ನು ಎಥನಾಲ್ ತಾಳುವ ಹೊಸ ಕೊಳವೆಗಳಿಗೆ ಬದಲಾಯಿಸಿಕೊಂಡು, ಆಗಾಗ ಬೆರಳಾಡಿಸಿ ನೋಡುವುದು ಅವಶ್ಯಕ. ಜೆಟ್ಟನ್ನು ದೊಡ್ಡದು ಮಾಡುವ ಮಾತು ಬಂದರೆ, ಕಳ್ಳಗಾಳಿ ಇಲ್ಲವೆಂದು ಖಚಿತವಾದ ಮೇಲೆ ಮಾತ್ರ ಆ ಕಡೆ ಯೋಚಿಸಬೇಕು.

ಉಪಸಂಹಾರ

ಹೊರಡುವ ಮುನ್ನ ಮೇಸ್ತ್ರಿಗಳು ಕಾಫಿ ಕುಡಿಯುತ್ತಿದ್ದಾಗ ನಾನು ಕೇಳಿದೆ: "ಮೊದಲೇ ಬೂಟನ್ನು ನೋಡಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿರಲಿಲ್ಲವೆ?"

ಅವರು ನಕ್ಕು, "ಮುಗಿಯುತ್ತಿತ್ತು ಮಗೂ. ಆದರೆ ಪೆಟ್ರೋಲು ಜಿನುಗುತ್ತಲೇ ಇರುತ್ತಿತ್ತಲ್ಲ," ಎಂದರು.

ನಮ್ಮಲ್ಲಿ 'ನಿಧಾನವೇ ಪ್ರಧಾನ' ಎಂಬ ಗಾದೆಯುಂಟು. ನಿದಾನ ಬೇರೆ, ನಿಧಾನ ಬೇರೆ. ಒಂದಕ್ಕೆ ಅಲ್ಪಪ್ರಾಣ, ಇನ್ನೊಂದಕ್ಕೆ ಮಹಾಪ್ರಾಣ. ಆದರೆ ನಿಧಾನವಿಲ್ಲದೆ ನಿದಾನವಿಲ್ಲವೆಂಬುದನ್ನು ಆ ದಿನ ಕಣ್ಣಾರೆ ಕಂಡೆ. ಮಾವ ಈಗಲೂ ತೋಟಕ್ಕೆ ಅದೇ ಗಾಡಿಯಲ್ಲಿ ಹೋಗುತ್ತಾರೆ. ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸಿ ಎರಡೂ ಕಡೆ ನೋಡುತ್ತಾರೆ. ಲಾರಿ ದೂರದಲ್ಲಿದ್ದರೂ ಅದು ಹಾದುಹೋಗುವವರೆಗೆ ಕಾಯುತ್ತಾರೆ. ಎಂಜಿನು ಸರಿಯಾಗಿದೆಯೆಂದು ಅವರಿಗೆ ಗೊತ್ತು, ಆದರೂ ಕಾಯುತ್ತಾರೆ.